ಟಿಕೆಟ್ ಅಮ್ಮ ನಿಲ್ಲಿಸಿದ ಜಾಗ

ಮಗಳು ತೀರಿಹೋದ ಅಮ್ಮನ ರವಿಕೆ ತೋಳಿನ ಕೊನೆಯ ಗುಂಡಿ ಹಾಕುತ್ತಿದ್ದಾಗ ನಾಟಕಮಂದಿರದ ಮ್ಯಾನೇಜರ್ ಒಳಗೆ ಬಂದರು. ಕಿಟಕಿಯ ಬೆಳಕು ಕೋಣೆಯ ತುಂಬ ಹರಡಿ, ಮಲಗಿದವಳು ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು.

"ಇವಳು ಇಷ್ಟು ಹೊತ್ತು ಸುಮ್ಮನಿದ್ದದ್ದು ನಾನಂತೂ ನೋಡಿಲ್ಲ" ಎಂದಳು ಪಕ್ಕದ ಮನೆಯ ಅತ್ತೆ. ಕೆಲವರಿಗೆ ನಗು ಬಂತು. ಅದರ ಬೆನ್ನಿಗೇ ಅಳು ಬಂತು.

ಮ್ಯಾನೇಜರ್ ಮಗಳ ಕಿವಿಯ ಬಳಿ ಬಗ್ಗಿದರು. "ಈಗ ಆಡೋ ಮಾತಲ್ಲ ಕಣಮ್ಮ. ನಾಳೆ ಹೊಸ ನಾಟಕ. ಮುನ್ನೂರು ಕುರ್ಚಿಗೆ ನಲವತ್ತೇ ಟಿಕೆಟ್ ಹೋಗಿದೆ. ನಾಳೆಯೂ ಖಾಲಿ ಹೊಡೆದರೆ ಮಾಲೀಕರು ಮಂದಿರವನ್ನ ಗೋದಾಮು ಮಾಡ್ತಾರೆ. ಅಮ್ಮನ ಥರ ನೀನು ನಾಲ್ಕು ಫೋನು ಮಾಡ್ತೀಯಾ?"

ಮಗಳು ತೋಳಿನ ಸುಕ್ಕು ಸವರುತ್ತಲೇ ಇದ್ದಳು. ಮಂದಿರದಲ್ಲಿ ವೇಷದ ಬಟ್ಟೆ ಹೊಲಿಯುವವಳು ಅವಳು. ನಟರ ಅಳತೆ ಕೇಳುವುದಕ್ಕೂ ಚೀಟಿ ಬರೆದು ಕೊಡುತ್ತಿದ್ದಳು.

*

ಟಿಕೆಟ್ ಕಿಟಕಿಯ ಹಿಂದೆ ಕೂತು ಅಮ್ಮ ಊರಿಗೆಲ್ಲ ಫೋನು ಮಾಡುತ್ತಿದ್ದಳು. "ಅದ್ಭುತ ನಾಟಕ, ತಪ್ಪದೆ ಬನ್ನಿ" ಎಂದು ಮ್ಯಾನೇಜರ್ ಎಲ್ಲರಿಗೂ ಒಂದೇ ಸಂದೇಶ ಕಳಿಸಿದ ದಿನ ಅವಳು ಹಣೆ ಚಚ್ಚಿಕೊಂಡಿದ್ದಳು.

"ಅದ್ಭುತ ಅಂದರೆ ಯಾರು ಬರ್ತಾರೆ ಸಾರ್? ಮೊದಲು ಮಂಡಿನೋವು ಹೇಗಿದೆ ಅಂತ ಕೇಳಬೇಕು. ಆಮೇಲೆ ಒಂದೇ ಒಂದು ದೃಶ್ಯ ಹೇಳಬೇಕು. ಉಸಿರು ಬಿಗಿಹಿಡಿಯೋ ಜಾಗಕ್ಕೆ ನಿಲ್ಲಿಸಿಬಿಡಬೇಕು."

ಹಾಗೆಯೇ ನಿಲ್ಲಿಸುತ್ತಿದ್ದಳು. ಆ ಕಡೆಯವರು ಹಲೋ ಹಲೋ ಎಂದು ಒದ್ದಾಡುತ್ತಿದ್ದರೆ ಕಣ್ಣು ಮುಚ್ಚಿ ಕೇಳುತ್ತಿದ್ದಳು, ಹಾಡು ಕೇಳುವವಳ ಹಾಗೆ.

*

ಚಟ್ಟ ಹೊತ್ತು ಹೊರಟಾಗ ಬೇಕರಿ ಮಾಮ ಮಗಳ ಪಕ್ಕಕ್ಕೆ ಬಂದ.

"ಅಮ್ಮನ ಕೊನೇ ಫೋನು ನನಗೇ ಕಣಮ್ಮ. ಹೊಸ ನಾಟಕದಲ್ಲಿ ಹದಿನಾರು ವರ್ಷದ ಮೇಲೆ ತಂಗಿ ಬಂದು ಬಾಗಿಲು ತಟ್ಟುತ್ತಾಳೆ, ಒಳಗೆ ಅಕ್ಕ ಚಿಲಕದ ಮೇಲೆ ಕೈ ಇಟ್ಟಳು ಅಂದಳು. ಅಷ್ಟೇ, ಸುಮ್ಮನಾದಳು. ಸರಿಯಾದ ಜಾಗಕ್ಕೆ ನಿಲ್ಲಿಸಿದಳು ಕಿಲಾಡಿ, ಅಂತ ನಗ್ತಾ ಫೋನಿಟ್ಟೆ." ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. "ಉಸಿರೇ ನಿಂತದ್ದು ಅಂತ ಗೊತ್ತಾಗಲಿಲ್ಲ. ಓಡಿ ಬರಬೇಕಿತ್ತು. ನಾನು ನಗ್ತಾ ಇದ್ದೆ."

ಮೂರು ಅಂಗಡಿ ದಾಟಿದ ಮೇಲೆ ಮಗಳು ಅವನತ್ತ ತಿರುಗಿದಳು.

"ಅಕ್ಕ ಚಿಲಕ ತೆಗೀತಾಳೆ ಮಾಮ." ದನಿ ದಾರದಷ್ಟು ಸಣ್ಣಗಿತ್ತು. "ಮನೆ ಬಿಟ್ಟ ದಿನ ಕದ್ದೊಯ್ದ ಅಕ್ಕನ ಕೋಟನ್ನೇ ತಂಗಿ ಹಾಕ್ಕೊಂಡಿರ್ತಾಳೆ. ಆ ಕೋಟು ನಾನೇ ಹೊಲಿದದ್ದು. ಅಕ್ಕ ಮಾತಾಡಲ್ಲ. ಕೋಟಿನ ಜೇಬಿಗೆ ಕೈ ಹಾಕ್ತಾಳೆ."

"ಸ್ವಲ್ಪ ಜೋರಾಗಿ ಹೇಳೇ" ಎಂದಳು ಹಿಂದಿನಿಂದ ಅತ್ತೆ.

"ಕೈಗೆ ಏನೋ ಸಿಗುತ್ತೆ. ಅಕ್ಕನ ಮುಖ ಬೆಳ್ಳಗಾಗಿಬಿಡುತ್ತೆ."

"ಏನು ಸಿಕ್ತು?" ಎಂದ ಬೇಕರಿ ಮಾಮ.

ಮಗಳು ಅಲ್ಲಿಗೇ ನಿಲ್ಲಿಸಿದಳು.

ಹೊತ್ತಿದ್ದ ನಾಲ್ವರು ಒಂದು ಕಾಲು ಮುಂದಿಟ್ಟು ನಡುರಸ್ತೆಯಲ್ಲಿ ಹಾಗೆಯೇ ನಿಂತುಬಿಟ್ಟಿದ್ದರು. ಹಿಂದಿದ್ದವರು ಅವಳತ್ತ ಬಾಗಿದ್ದರು. ಮ್ಯಾನೇಜರ್ ಕೂಡ, ಎಷ್ಟೋ ಸಲ ಆ ನಾಟಕದ ತಾಲೀಮು ನೋಡಿದ್ದವರು, ಬಾಯಿ ತೆರೆದುಕೊಂಡು ಕಾಯುತ್ತಿದ್ದರು.