ಆ ಗೆರೆಗಳು ನನ್ನವು

ನಾನು ಒಂದು ಗಾಜಿನ ತುಂಡು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಅಷ್ಟೆ. ಧಾರವಾಡದ ಒಂದು ಸಂಶೋಧನಾ ಸಂಸ್ಥೆಯ ಹಿತ್ತಲಿನಲ್ಲಿ, ತಗಡಿನ ಛಾವಣಿಯ ಗಾಜಿನ ಕಾರ್ಯಾಗಾರದಲ್ಲಿ ನಾನು ಹುಟ್ಟಿದೆ. ನನ್ನನ್ನು ಮಾಡಿದವರು ದಾವಲಸಾಬ ನದಾಫ. ಉರಿಯ ಪಕ್ಕದಲ್ಲಿ ಮೂವತ್ತು ವರ್ಷ ಕೂತು ಅವರ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಾಗಿತ್ತು. ನನ್ನನ್ನು ಕತ್ತರಿಸಿ, ಮೂರು ದಿನ ಉಜ್ಜಿ ನುಣುಪು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಆತು. ಇನ್ನ ನೀ ಮೇಡಮ್ಮರ ಪಾಲು" ಎಂದು ಹತ್ತಿಯಲ್ಲಿ ಸುತ್ತಿ ಕಳಿಸಿದರು.

ಮೇಡಮ್ ಅಂದರೆ ಗಿರಿಜಾ ಹಂಚಿನಮನಿ, ಆ ಸಂಸ್ಥೆಯ ವಿಜ್ಞಾನಿ. ಅವರ ಕೋಣೆಯಲ್ಲಿ ಒಂದು ವಿಚಿತ್ರ ಸೂಕ್ಷ್ಮದರ್ಶಕವಿತ್ತು. ಅದು ಕಣ್ಣಿನಿಂದ ನೋಡುವುದಿಲ್ಲ, ಮುಟ್ಟಿ ನೋಡುತ್ತದೆ. ಕೂದಲಿನಷ್ಟು ಸಣ್ಣ ಪಟ್ಟಿಯ ತುದಿಗೆ ಅದಕ್ಕಿಂತ ಸಣ್ಣ ಮುಳ್ಳು. ಆ ಮುಳ್ಳು ವಸ್ತುವಿನ ಮೈಯನ್ನು ಮೆಲ್ಲಗೆ ತಟ್ಟುತ್ತ ಹೋದಂತೆ ಪರದೆಯ ಮೇಲೆ ಅದರ ಉಬ್ಬುತಗ್ಗುಗಳು ಮೂಡುತ್ತವೆ. ಒಣಗಿದ ವಸ್ತುಗಳಿಗಾದರೆ ಅದೇ ಸಾಕು. ಆದರೆ ಜೀವವಿರುವುದು ನೀರಿನಲ್ಲಿ. ಆ ಒಂದು ಹನಿ ನೀರನ್ನು ಹಿಡಿದುಕೊಂಡು, ಮುಳ್ಳಿನ ಪಟ್ಟಿಯನ್ನೂ ಹೊತ್ತು ನಿಲ್ಲುವುದು ನನ್ನ ಕೆಲಸ. ನನ್ನ ಬೆನ್ನಿಗೆ ನಡುಗುವ ಒಂದು ಬಿಲ್ಲೆ ಅಂಟಿಸಿದ್ದರು. ಬಿಲ್ಲೆ ನಡುಗಿದರೆ ನಾನು ನಡುಗುತ್ತಿದ್ದೆ, ನಾನು ನಡುಗಿದರೆ ಪಟ್ಟಿ ನಡುಗಿ ಮುಳ್ಳು ತಟ್ಟುತ್ತಿತ್ತು.

ನನ್ನನ್ನು ದಿನವೂ ತೊಳೆದು ಕೂರಿಸುತ್ತಿದ್ದವಳು ನಾಗವೇಣಿ ಉಪ್ಪಿನ. ಮೇಡಮ್ ಬಳಿ ಪಿಎಚ್.ಡಿ. ಮಾಡುತ್ತಿದ್ದ ಗದಗಿನ ಹುಡುಗಿ. ನನ್ನ ಕೆಳಗೆ ಅಭ್ರಕದ ಬಿಲ್ಲೆ, ಅದರ ಮೇಲೆ ಬ್ಯಾಕ್ಟೀರಿಯಾ, ಸುತ್ತ ನೀರು. ನಾಲ್ಕು ವರ್ಷ ಅವಳ ಮುಖವನ್ನು ನಾನು ಕೆಳಗಿನಿಂದ ನೋಡಿದೆ. ಅವಳು ಉಸಿರು ಬಿಗಿಹಿಡಿದಾಗ ನನಗೂ ತಿಳಿಯುತ್ತಿತ್ತು.

ಒಂದು ದಿನ ಹೊಸ ಔಷಧವನ್ನು ಅದನ್ನು ಕರಗಿಸಿದ ದ್ರಾವಕದ ಸಮೇತ ಹನಿಸಿದಳು. ಪರದೆಯ ಮೇಲೆ ಬ್ಯಾಕ್ಟೀರಿಯಾದ ಮೈತುಂಬ ಸಾಲುಸಾಲು ಗೆರೆಗಳು ಎದ್ದವು. ಮೇಡಮ್ ಓಡಿ ಬಂದರು. "ಔಷಧ ಬ್ಯಾಕ್ಟೀರಿಯಾದ ಗ್ವಾಡಿ ಮುರೀಲಿಕ್ಕೆ ಹತ್ತೇತಿ ನೋಡಬೇ!" ಅಂದರು. ಆ ಚಿತ್ರ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ಬೇರೆ ಊರಿನ ಒಂದು ತಂಡ ಅದನ್ನು ನಂಬಿ ಔಷಧವನ್ನು ಇಲಿಗಳಿಗೆ ಕೊಡಲು ಸಿದ್ಧತೆ ನಡೆಸಿತು. ನಾಗವೇಣಿಗೆ ಒಂದು ಕಾಲೇಜಿನಲ್ಲಿ ಕೆಲಸವೂ ಗೊತ್ತಾಯಿತು. ಪ್ರಬಂಧ ಸಲ್ಲಿಸುವುದೊಂದೇ ಬಾಕಿ.

ಸಲ್ಲಿಸಲು ತಿಂಗಳಿದ್ದಾಗ ಅದು ನಡೆಯಿತು. ಆ ದಿನ ಬ್ಯಾಕ್ಟೀರಿಯಾ ಅಭ್ರಕಕ್ಕೆ ಸರಿಯಾಗಿ ಅಂಟದೆ ತೊಳೆದುಹೋಗಿತ್ತು. ಅದು ಗೊತ್ತಿಲ್ಲದೆ ನಾಗವೇಣಿ ಔಷಧ ಹನಿಸಿದಳು. ಬರಿಯ ಅಭ್ರಕದ ಮೇಲೆ ಅವೇ ಗೆರೆಗಳು ಎದ್ದವು. ಅಷ್ಟೇ ಅಂತರ, ಅಷ್ಟೇ ಎತ್ತರ.

ನನ್ನನ್ನು ತೊಳೆದಳು, ಮತ್ತೆ ಕೂರಿಸಿದಳು. ಔಷಧ ಬಿಟ್ಟು ಬರೀ ದ್ರಾವಕ ಹನಿಸಿದಳು. ಗೆರೆಗಳು ಹೋಗಲಿಲ್ಲ. ಬರೀ ನೀರು ಹಾಕಿದಾಗ ಮಾತ್ರ ಮಾಯವಾದವು. ಮೂರು ದಿನ ಅದೇ ಮಾಡಿದಳು. ಊಟದ ಡಬ್ಬಿ ಮುಚ್ಚಿದಂತೆಯೇ ಇರುತ್ತಿತ್ತು. ನಾಲ್ಕನೆಯ ದಿನ ನನ್ನನ್ನು ಹತ್ತಿಯಲ್ಲಿ ಸುತ್ತಿಕೊಂಡು ಕಾರ್ಯಾಗಾರಕ್ಕೆ ಹೋದಳು.

"ಕಾಕಾ, ಈ ಗಾಜಿನಾಗ ಏನರ ಐಬು ಐತೇನು?"

ದಾವಲಸಾಬರು ನನ್ನನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು. ನೀರು ಹಚ್ಚಿ ತಟ್ಟಿದರು, ದ್ರಾವಕ ಹಚ್ಚಿ ತಟ್ಟಿದರು.

"ಐಬು ಏನಿಲ್ಲ ತಂಗಿ. ಆದರ ಗಾಜಂದ್ರ ಸುಮ್ಮನ ಕುಂದರೂ ವಸ್ತು ಅಲ್ಲ. ಅಲುಗಾಡಿಸಿದ್ರ ತನ್ನ ದನಿ ತಗೀತೈತಿ. ಹಚ್ಚಿದ್ದು ಬ್ಯಾರೆ ಆದ್ರ ದನಿನೂ ಬ್ಯಾರೆ ಆಗತೈತಿ."

ಅವಳು ನನ್ನನ್ನು ಇಸಿದುಕೊಂಡು ತಾನೂ ಎರಡು ಸಲ ತಟ್ಟಿ ಕೇಳಿದಳು. ನನಗೂ ಆಗಲೇ ತಿಳಿದದ್ದು. ಆ ದ್ರಾವಕದಲ್ಲಿ ನಾನು ಬೇಕಾದ್ದಕ್ಕಿಂತ ಹೆಚ್ಚು ನಡುಗುತ್ತಿದ್ದೆ. ನನ್ನ ನಡುಕವನ್ನೇ ಮುಳ್ಳು ಬ್ಯಾಕ್ಟೀರಿಯಾದ ಮೈ ಎಂದು ಬರೆಯುತ್ತಿತ್ತು. ಔಷಧದ ಗುಣವೆಂದು ಅವಳು ಓದಿದ್ದು ನನ್ನನ್ನು.

ಸಂಜೆ ಅವಳು ಮೇಡಮ್ ಮುಂದೆ ನನ್ನನ್ನು ಇಟ್ಟು ನಿಂತಳು.

"ಮೇಡಮ್ಮರ, ಗೆರಿ ಬ್ಯಾಕ್ಟೀರಿಯಾದ್ದು ಅಲ್ರಿ. ಖಾಲಿ ಅಭ್ರಕದ ಮ್ಯಾಲೂ ಬರ್ತಾವ."

"ನೀ ಸರಿ ತೊಳದಿರಾಕಿಲ್ಲ."

"ಹನ್ನೊಂದ ಸಲ ತೊಳದೇನ್ರಿ."

ಮೇಡಮ್ ನನ್ನನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ತಲೆಯೆತ್ತದೆ, "ಯಾರಿಗರ ಹೇಳಿಯೇನು?" ಎಂದರು.

"ಇಲ್ರಿ. ಕಾಕಾಗ ಗಾಜ ಅಷ್ಟ ತೋರಿಸೇನ್ರಿ."

"ಹಂಗಾರ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನನ್ನನ್ನು ಅಂಗೈಯಲ್ಲಿ ಮುಚ್ಚಿಕೊಂಡರು. ಆ ಕೈ ತಣ್ಣಗಿತ್ತು.

ಮರುದಿನ ಬೆಳಿಗ್ಗೆ ನಾಗವೇಣಿ ಬರುವ ಮೊದಲೇ ಮೇಡಮ್ ಬಂದಿದ್ದರು. ಸುದ್ದಿ ಊಹಿಸಿ ದಾವಲಸಾಬರೂ ಬಂದು ಬಾಗಿಲಲ್ಲಿ ನಿಂತಿದ್ದರು.

"ತಪ್ಪ ನಂದ ಅಂತ ಬರೀರಿ ಮೇಡಮ್ಮರ. ಗಾಜ ಮಾಡಿದಾಂವಾ ನಾ" ಎಂದರು.

"ನಾ ಕೊಟ್ಟ ಅಳತಿಗೆ ನೀವು ಮಾಡೀರಿ. ಅದರ ದನಿ ಕೇಳಬೇಕಾಗಿದ್ದು ನಾನು" ಎಂದ ಮೇಡಮ್, ನಾಗವೇಣಿಯ ಕಡೆ ತಿರುಗಿದರು. "ಲೇಖನ ಹಿಂದಕ್ಕ ತಗೋತೇವಿ ಅಂತ ಪತ್ರಿಕಿಗೆ ಬರಿ. ಇಲಿ ಪ್ರಯೋಗದವರಿಗೆ ನಾ ಈಗ ಫೋನ್ ಮಾಡ್ತೇನಿ."

"ನನ್ನ ಥೀಸಿಸ್ಸು, ಮೇಡಮ್ಮರ?"

"ಮತ್ತ ಮಾಡೂಣು." ಫೋನ್ ಕೈಗೆತ್ತಿಕೊಂಡು ಹೇಳಿದರು: "ನಿನ್ನೆ ನಾ 'ಹಂಗಾರ' ಅಂದೆ. ಅದರ ಮುಂದಿನ ಮಾತು ನಿನಗ ತಿಳದಿರಬೇಕು."

"ನನಗೇನೂ ಕೇಳಿಸಿಲ್ರಿ" ಎಂದಳು ನಾಗವೇಣಿ.

ಕಾಲೇಜಿನ ಕೆಲಸ ಇನ್ನೊಬ್ಬರ ಪಾಲಾಯಿತು. ಲೇಖನ ಹೋಯಿತು. ಕೆಲವರು ಕಾರಿಡಾರಿನಲ್ಲಿ ಮೇಡಮ್ ಜೊತೆ ಮಾತು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ದಾವಲಸಾಬರು, "ಮುಳ್ಳ ಅಲುಗಾಡಿದ್ರ ಸಾಕಲ್ರಿ, ಇಡೀ ಗಾಜ ಯಾಕ ಅಲುಗಾಡಸ್ತೀರಿ?" ಎಂದು ಕೇಳಿದರು. ಮೇಡಮ್ ಆ ಪ್ರಶ್ನೆಯನ್ನು ಗೋಡೆಯ ಹಲಗೆಯ ಮೇಲೆ ಬರೆದಿಟ್ಟರು. ಒಂದೂವರೆ ವರ್ಷ ಅದನ್ನು ಯಾರೂ ಅಳಿಸಲಿಲ್ಲ.

ಕೊನೆಗೆ ದಾರಿ ಸಿಕ್ಕಿತು. ಮಿಣುಕುವ ಸಣ್ಣ ಬೆಳಕೊಂದನ್ನು ನೇರವಾಗಿ ಪಟ್ಟಿಯ ಮೇಲೆ ಬಿಟ್ಟರು. ಬೆಳಕಿನ ಕಾವಿಗೆ ಪಟ್ಟಿಯಷ್ಟೇ ಬಾಗಿ ನಡುಗಿತು, ಗಾಜು ಅಲುಗಲಿಲ್ಲ. ಅದಕ್ಕಾಗಿ ದಾವಲಸಾಬರು ಹೊಸ ಗಾಜು ಮಾಡಿಕೊಟ್ಟರು. ನಾನು ಪಕ್ಕದ ಮೇಜಿನ ಮೇಲಿನಿಂದ ನೋಡುತ್ತಿದ್ದೆ. ನಾಗವೇಣಿ ಮೊದಲು ಖಾಲಿ ಅಭ್ರಕವನ್ನು ನೋಡಿದಳು, ಆಮೇಲೆ ಬ್ಯಾಕ್ಟೀರಿಯಾ. ನನ್ನ ಕಾಲದಲ್ಲಿ ಮುಳ್ಳಿನ ಪೆಟ್ಟು ತಾಳದೆ ಅವು ಸ್ವಲ್ಪ ಹೊತ್ತಿನಲ್ಲೇ ಸಾಯುತ್ತಿದ್ದವು. ಈ ಬ್ಯಾಕ್ಟೀರಿಯಾ ಒಂದು ಗಂಟೆ ಮುಳ್ಳಿನಿಂದ ಮುಟ್ಟಿಸಿಕೊಂಡು, ಪರದೆಯ ಮೇಲೆ ಎಲ್ಲರ ಕಣ್ಣೆದುರೇ ನಡು ಸಣ್ಣದಾಗಿ ಎರಡಾಯಿತು.

"ಬದಕೇತ್ರಿ ಮೇಡಮ್ಮರ..." ಎಂದಳು ನಾಗವೇಣಿ. ಮೇಡಮ್ ಅವಳ ಭುಜದ ಮೇಲೆ ಕೈಯಿಟ್ಟರು.

ಮರುದಿನ ಆ ಹಳೆಯ ಔಷಧವನ್ನು ಹನಿಸಿದರು. ಬ್ಯಾಕ್ಟೀರಿಯಾದ ಮೈ ನುಣ್ಣಗೇ ಇತ್ತು. ಔಷಧದಿಂದ ಏನೂ ಆಗಿರಲಿಲ್ಲ.

ಈಗ ದಾವಲಸಾಬರು ನಿವೃತ್ತರು. ನಾಗವೇಣಿ ತಡವಾಗಿಯಾದರೂ ಡಾಕ್ಟರ್ ಆಗಿ ಹುಬ್ಬಳ್ಳಿಯಲ್ಲಿ ಪಾಠ ಮಾಡುತ್ತಾಳೆ. ನಾನು ಕಪಾಟಿನ ಕೆಳಗಿನ ಖಾನೆಯಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿದ್ದೇನೆ. ನನ್ನ ಅಂಚು ಮಸುಕಾಗಿದೆ. ಹೊಸ ಗಾಜಿನ ಬಗ್ಗೆ ಎಷ್ಟೋ ಲೇಖನಗಳು ಬಂದವು. ನನ್ನ ಬಗ್ಗೆ ಅಚ್ಚಾದದ್ದು ಒಂದೇ ವಾಕ್ಯ. ಲೇಖನ ಹಿಂಪಡೆಯುವಾಗ ನಾಗವೇಣಿ ಬರೆದದ್ದು: "ಆ ಗೆರೆಗಳು ಜೀವಕೋಶದವಲ್ಲ, ನಮ್ಮ ಗಾಜಿನವು."

ಓದುವವರಿಗೆ ಅದು ನನ್ನ ಮೇಲಿನ ದೂರು ಅನ್ನಿಸಬಹುದು. ನನಗೆ ಹಾಗನ್ನಿಸಿಲ್ಲ. ಅವಳು 'ನಮ್ಮ' ಎಂದು ಬರೆದಿದ್ದಾಳೆ.