ಸುಗಂಧಿಯ ಸಿಮ್ಮು, ಭಾವನ ಫೋನು

ನಾನು ಒಂದು ಸಿಮ್ ಕಾರ್ಡು. ಅಂಗೈಯಗಲದ ಪ್ಲಾಸ್ಟಿಕ್ ಹಲಗೆಯ ಮೂಲೆಯಲ್ಲಿ, ಹಿತ್ತಾಳೆ ಬಣ್ಣದ ಚೂರೊಂದನ್ನು ಎದೆಗೆ ಅಂಟಿಸಿಕೊಂಡು ಹುಟ್ಟಿದೆ. ನನ್ನಂಥವರು ಡಬ್ಬಿಗಟ್ಟಲೆ ಇದ್ದೆವು. ಬೈಂದೂರಿನ ಅಂಗಡಿಯವನು ಉಗುರಿನಿಂದ ನನ್ನನ್ನು ಮುರಿದು ತೆಗೆದು, ಸುಗಂಧಿ ಎಂಬ ಹೆಂಗಸಿನ ಬೆರಳೊತ್ತಿಸಿಕೊಂಡು, ಅವಳ ಫೋನಿಗೆ ಹಾಕಿದ. ಅವಳ ಕೈಯಲ್ಲಿ ಒಗ್ಗರಣೆಯ ವಾಸನೆ ಇತ್ತು. ಅದು ನನಗೆ ಹಿತವಾಗಿತ್ತು. ಮುಂದೆ ಸಿಕ್ಕಿದ ವಾಸನೆಗಳನ್ನು ನೆನೆದರೆ ಅದೇ ಅತ್ತರು.

ಆಗ ಸುಗಂಧಿ ಮಸ್ಕತ್ತಿಗೆ ಹೊರಟಿದ್ದಳು. ಅಲ್ಲೊಂದು ಮನೆಯಲ್ಲಿ ಅಡುಗೆ ಮಾಡುವುದು, ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಊರಿನ ಬ್ಯಾಂಕಿನಲ್ಲಿ ಖಾತೆ ತೆರೆದು ನನ್ನ ನಂಬರನ್ನೇ ಕೊಟ್ಟಳು. ಹೊರಡುವ ದಿನ ಅವಳ ಅಕ್ಕ ಲಲಿತಳ ಗಂಡ ಮಾಧವ ಹೇಳಿದ: "ಈ ಸಿಮ್ಮು ಅಲ್ಲಿಗೆ ಎಂತಕೆ? ರೋಮಿಂಗ್ ಅಂತ ದುಡ್ಡು ಕೀಳ್ತಾರೆ. ಇಲ್ಲೇ ಇರ್ಲಿ. ಬ್ಯಾಂಕಿನ ಮೆಸೇಜ್ ಬಂದರೆ ನಾನ್ ಹೇಳ್ತೆ."

"ಹೌದು ಭಾವ, ಅದೇ ಒಳ್ಳೇದು" ಎಂದಳು ಸುಗಂಧಿ. ಆ ಕಡೆಯಿಂದ ಗಲ್ಫಿಗೆ ಹೋಗುವ ಬಹಳ ಮಂದಿ ಹೀಗೆಯೇ ಮಾಡುತ್ತಾರೆ. ಬೀರುವಿನ ಕೀಲಿಯನ್ನಾದರೆ ಹೀಗೆ ಕೊಟ್ಟು ಹೋಗುತ್ತಿದ್ದರೋ ಇಲ್ಲವೋ.

ಹೀಗೆ ನಾನು ಮಾಧವನ ಫೋನಿನ ಎರಡನೆಯ ಗೂಡು ಸೇರಿದೆ. ಆ ಫೋನು ಅವನ ಅಂಗಿಯ ಜೇಬಿನಲ್ಲಿ ನಶ್ಯದ ಡಬ್ಬಿಯ ಜೊತೆ ಇರುತ್ತಿತ್ತು. ಅವನು ಸೀನಿದ ಕೈಯಲ್ಲೇ ಪರದೆ ಉಜ್ಜುತ್ತಿದ್ದ. ಬೆವರು ಸಂದಿಯಿಂದ ಒಳಗೆ ಇಳಿದು ನನ್ನ ಬೆನ್ನಿಗೆ ಅಂಟುತ್ತಿತ್ತು. ನನಗೆ ಮೂಗಿಲ್ಲ ಎನ್ನುತ್ತೀರಿ. ಇರಬಹುದು. ಆದರೂ ಹೇಸಿಗೆಯಾಗುತ್ತಿತ್ತು.

ಸುಗಂಧಿ ಸಂಬಳದ ರಿಯಾಲುಗಳನ್ನು ಮಸ್ಕತ್ತಿನ ಖಾತೆಯಲ್ಲಿ ಕೂಡಿಡುತ್ತಿದ್ದಳು. ರೂಪಾಯಿ ಕುಸಿಯಿತು ಎಂದು ಟಿವಿಯವರು ಇಲ್ಲಿ ಗೋಳಾಡಿದ ದಿನ ಅಲ್ಲಿ ದುಡಿಯುವವರಿಗೆ ಹಬ್ಬ, ಒಂದು ರಿಯಾಲಿಗೆ ಹೆಚ್ಚು ರೂಪಾಯಿ ಸಿಗುತ್ತದೆ. ಅವಳೂ ಅಂಥ ದಿನ ಕಾದು ಊರಿನ ಖಾತೆಗೆ ಹಣ ಕಳಿಸುತ್ತಿದ್ದಳು. ಬಂದ ಕೂಡಲೇ ನಾನು ಟಣ್ ಎನ್ನುತ್ತಿದ್ದೆ. ಮಾಧವ ಜಗಲಿಯಲ್ಲಿ ಕೂತವರಿಗೆಲ್ಲ ಅದನ್ನು ಓದಿ ಹೇಳುತ್ತಿದ್ದ: "ಕಂಡ್ರಾ, ನಮ್ಮ ನಾದಿನಿದು! ಮುದುಕಿ ಕುಂಡೆ ತೊಳೆದ್ರೂ ಎಷ್ಟು ಬತ್ತ್ ಅಂತ!" ಎಲ್ಲರೂ ನಗುತ್ತಿದ್ದರು. ಅವಳ ದುಡಿಮೆ ಹೀಗೆ ಬಾಯಿಂದ ಬಾಯಿಗೆ ಎಂಜಲಾಗುತ್ತಿತ್ತು.

ಆ ಹಣವನ್ನು ಬೇರೆಲ್ಲಿಗೆ ದಾಟಿಸಬೇಕಾದರೂ ಬ್ಯಾಂಕು ನನ್ನ ಮೂಲಕ ಒಂದು ಗುಟ್ಟಿನ ಸಂಖ್ಯೆ ಕಳಿಸುತ್ತಿತ್ತು. ಸ್ವಲ್ಪ ಹೊತ್ತು ಕಳೆದರೆ ಅದು ಕೆಲಸಕ್ಕೆ ಬಾರದು. ಸುಗಂಧಿ ಫೋನಿನಲ್ಲಿ ಕಾಯುತ್ತಿದ್ದಳು.

"ಒಟಿಪಿ ಬಂತಾ ಭಾವ?"

"ತಡಿ ಮಾರಾಯ್ತಿ, ಕನ್ನಡ್ಕ ಹುಡುಕ್ತೆ. ಅಂದ ಹಾಗೆ ಬೈಕಿನ ಟಯರ್ ಪೂರಾ ಹೋಯ್ತು ಕಾಣ್."

"ಹಾಕಿಸಿಕೊಳ್ಳಿ ಭಾವ, ಕೊಡ್ತೆ. ನಂಬರ್ ಹೇಳಿ, ಟೈಮ್ ಮುಗೀತ್."

ಕನ್ನಡಕ ಅವನ ಮೂಗಿನ ಮೇಲೆಯೇ ಇರುತ್ತಿತ್ತು.

ಇದು ಬೇಡವೆಂದು ಅವಳು ಬ್ಯಾಂಕಿಗೆ ಫೋನು ಮಾಡಿ, ಮಸ್ಕತ್ತಿನ ನಂಬರಿಗೆ ಬದಲಾಯಿಸಿಕೊಡಿ ಎಂದಳಂತೆ. ಬದಲಾಯಿಸಬಹುದು, ಹಳೆಯ ನಂಬರಿಗೆ ಬರುವ ಒಟಿಪಿ ಹೇಳಿ ಎಂದರಂತೆ. ಆ ಒಟಿಪಿಯೂ ನನ್ನೊಳಗೇ ಬಂದು ಬಿತ್ತು. ಮಾಧವ ಓದಿದ, ಅಳಿಸಿದ, ನಶ್ಯ ಏರಿಸಿದ.

ಕೊನೆಗೆ ಬೈಂದೂರು ಬಸ್ ನಿಲ್ದಾಣದ ಹಿಂದೆ ನಿವೃತ್ತ ಮೇಷ್ಟರೊಬ್ಬರ ಎರಡು ಕೋಣೆಯ ಮನೆ ಮಾರಾಟಕ್ಕೆ ಬಂತು. ಸುಗಂಧಿಗೆ ಗಂಡನಿಲ್ಲ. ಊರಿಗೆ ಬಂದಾಗಲೆಲ್ಲ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಚಾಪೆ ಹಾಸಿಕೊಳ್ಳುವವಳು. ಆ ಮನೆ ಅವಳಿಗೆ ಬೇಕೇ ಬೇಕಿತ್ತು. ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಊರಿನ ಖಾತೆಗೆ ತಂದಿದ್ದಳು. ಮುಂಗಡ ಈ ವಾರ ಬಾರದಿದ್ದರೆ ಬೇರೆಯವರಿಗೆ ಕೊಡುವುದಾಗಿ ಮೇಷ್ಟರು ಹೇಳಿದ್ದರು.

ಅವಳು ಮಸ್ಕತ್ತಿನಿಂದ ಮುಂಗಡ ಕಳಿಸಲು ಗುಂಡಿ ಒತ್ತಿದಳು. ಸಂಖ್ಯೆ ನನಗೆ ಬಂತು, ಸ್ಪಷ್ಟವಾಗಿ ಬಂತು.

"ಬಂತಾ ಭಾವ?"

ಮಾಧವ ಅದನ್ನು ನೋಡುತ್ತಲೇ ಹೇಳಿದ: "ಒಂಟಿ ಹೆಂಗ್ಸಿನ ಹೆಸ್ರಲ್ಲಿ ಮನೆ ಎಂತಕೆ? ಜೊತೆಗೆ ನನ್ ಹೆಸ್ರೂ ಹಾಕ್ಸುವ."

"ಅದು ನನ್ನ ಮನೆ ಭಾವ. ನಂಬರ್ ಹೇಳಿ."

"ಬರ್ಲಿಲ್ಲ. ನೆಟ್‌ವರ್ಕ್ ಇಲ್ಲೆ."

ನನ್ನ ಸಿಗ್ನಲ್ ಗೆರೆಗಳೆಲ್ಲ ನೆಟ್ಟಗೆ ನಿಂತಿದ್ದವು! ಅವಳು ಮತ್ತೆ ಮತ್ತೆ ಒತ್ತಿದಳು. ಬಂದದ್ದನ್ನೆಲ್ಲ ಅವನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದ. "ಈ ಸಿಮ್ಮೇ ಹಾಳು" ಎಂದ. ಲಲಿತ ಬಾಗಿಲಲ್ಲಿ ನಿಂತು, "ಬಂದ ಶಬ್ದ ಕೇಳ್ತಲ್ಲ?" ಎಂದಳು. "ನೀನ್ ಒಳಗೆ ಹೋಗ್" ಎಂದ. ಅವಳು ಹೋದಳು. ಬೆವರನ್ನು, ನಶ್ಯವನ್ನು ಸಹಿಸಿದ್ದ ನನಗೆ ಆವತ್ತು ಓಕರಿಕೆ ಬಂತು. ಹಾಳು ನಾನೇ ಇರಬಹುದೇ ಎಂದು ಒಂದು ಗಳಿಗೆ ಅನುಮಾನವೂ ಬಂತು. ನನ್ನನ್ನೇ ಮತ್ತೊಮ್ಮೆ ನೋಡಿಕೊಂಡೆ. ಇಲ್ಲ, ಸಂಖ್ಯೆ ಬಂದಿತ್ತು.

ಸುಗಂಧಿ ಮತ್ತೆ ಫೋನು ಮಾಡಲಿಲ್ಲ. ಮಾಧವ ಹಿಗ್ಗಿದ. "ಬತ್ತಾಳೆ ದಾರಿಗೆ" ಎಂದ.

ಎರಡು ದಿನ ಕಳೆದು, ಅವನು ಊಟದ ಎಲೆ ಮುಂದೆ ಕೂತಿದ್ದಾಗ ನನ್ನ ಗೆರೆಗಳು ಒಮ್ಮೆಲೇ ಮಾಯವಾದವು. ಮೈಯೆಲ್ಲ ಮರಗಟ್ಟಿತು. ಅವನು ನನ್ನನ್ನು ಕಿತ್ತು ಊದಿದ, ಲುಂಗಿಗೆ ಉಜ್ಜಿದ, ಎಂಜಲು ಬೆರಳಲ್ಲೇ ಮತ್ತೆ ತುರುಕಿದ. ತಾರಸಿಗೆ ಹತ್ತಿ ನಾಲ್ಕು ದಿಕ್ಕಿಗೂ ಎತ್ತಿ ಹಿಡಿದ. ಈಗ ನಿಜವಾಗಿಯೂ ನೆಟ್‌ವರ್ಕ್ ಇರಲಿಲ್ಲ.

ಅದೇ ವಾರದ ಕೊನೆಗೆ ಸುಗಂಧಿ ಹಲ್ವದ ಡಬ್ಬಿ ಹಿಡಿದು ಮನೆಗೆ ಬಂದಳು. ಅಕ್ಕನಿಗೆ ಎಲ್ಲ ಹೇಳಿದಳು. ರಜೆ ಬೇಡಿ, ಸಿಕ್ಕಿದ ವಿಮಾನ ಹತ್ತಿ, ನೇರ ಅದೇ ಅಂಗಡಿಗೆ ಹೋಗಿ ಬೆರಳೊತ್ತಿ, ಅದೇ ನಂಬರಿನ ಹೊಸ ಸಿಮ್ಮು ಪಡೆದಿದ್ದಳು. ಹೊಸದು ಜೀವ ತಳೆದ ಗಳಿಗೆಯೇ ನಾನು ಸತ್ತದ್ದು. ಅದಕ್ಕೆ ಮೆಸೇಜು ಬರಲು ಒಂದು ದಿನ ಹಿಡಿಯಿತಂತೆ. ಆ ದಿನ ಅವಳು ಮೇಷ್ಟರ ಜಗಲಿಯಲ್ಲೇ ಕೂತಿದ್ದು, ಮರುದಿನ ಅವರೆದುರೇ ಮುಂಗಡ ಕಳಿಸಿ, ಕರಾರಿಗೆ ಒಬ್ಬಳೇ ಸಹಿ ಹಾಕಿದ್ದಳು.

ಮಾಧವ ಒಳಗಿನಿಂದ ಬಂದ. "ಊರಿಗೆ ಬಂದೂ ಒಂದ್ ಮಾತ್ ಹೇಳ್ಲಿಲ್ಲ ಅಲ್ಲ ನೀನು?"

"ಹೇಳ್ವ ಅಂತಿದ್ದೆ ಭಾವ" ಎಂದಳು ಸುಗಂಧಿ. "ನಿಮ್ಮನೇಲಿ ನೆಟ್‌ವರ್ಕ್ ಇರ್ಲಿಲ್ಲೆ."

ಲಲಿತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಮೊದಲ ಸಲ ಕೇಳಿದೆ.

ಈಗ ನನಗೆ ವಯಸ್ಸಾಗಿದೆ, ಹಿತ್ತಾಳೆ ಬಣ್ಣ ಸವೆದಿದೆ. ಮಾಧವ ನನ್ನನ್ನು ಎಸೆಯಲಿಲ್ಲ. ಜಗಲಿಯ ಕಿಟಕಿಯ ಮೇಲಿಟ್ಟಿದ್ದಾನೆ. ಊಟವಾದ ಮೇಲೆ ಕೈಗೆತ್ತಿಕೊಂಡು, ನನ್ನ ಚೂಪು ಮೂಲೆಯಿಂದ ಹಲ್ಲಿನ ಸಂದಿ ಕೆದಕಿಕೊಳ್ಳುತ್ತಾನೆ. ಆ ಬಾಯೊಳಗೆ ಹೋಗಿ ಬರುವುದು ಎಂಥ ಅಸಹ್ಯವೆಂದು ನಾನು ವಿವರಿಸುವುದಿಲ್ಲ, ನೀವೂ ಊಟ ಮಾಡಬೇಕಲ್ಲ. ಆದರೂ ಕಿಟಕಿಯ ಮೇಲೆ ಒಣಗುತ್ತಾ ಬಿದ್ದಿರುವಾಗ ನನಗೊಂದು ಸಮಾಧಾನವಿದೆ. ನನ್ನಿಂದ ಅವನಿಗೆ ಈಗ ಸಿಗುವುದು ಬಂಗುಡೆ ಮೀನಿನ ಮುಳ್ಳು ಮಾತ್ರ.