ಅರ್ಧ ಮಾತ್ರೆಯ ಪ್ರೀತಿ

ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರನ ಹೆಂಡತಿಗೆ ಗಂಡನ ಫಿಟ್ಸ್‌ಗಿಂತ, ಅದು ಯಾವಾಗ ಬಂದೀತೋ ಎಂಬ ಹೆದರಿಕೆಯೇ ದೊಡ್ಡ ಕಾಯಿಲೆಯಾಗಿತ್ತು. ಅವನು ಕೆಮ್ಮಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಮಾತ್ರೆ ಶುರುವಾದ ಮೇಲೆ ಅವನು ಒಮ್ಮೆಯೂ ಬಿದ್ದಿರಲಿಲ್ಲ. ಆದರೂ ಅವಳು ಅವನ ಉಸಿರು ಕೇಳುತ್ತ ಕಣ್ಣು ಬಿಟ್ಟುಕೊಂಡೇ ಮಲಗುತ್ತಿದ್ದಳು.

ಅದನ್ನು ನೋಡಲಾರದೆ ಆ ಪುಣ್ಯಾತ್ಮ ಒಂದು ಉಪಾಯ ಮಾಡಿದ. ತನ್ನ ಮಾತ್ರೆಯನ್ನೇ ಮುರಿದು, "ಶಕ್ತಿ ಮಾತ್ರೆ ಕಣೇ, ನುಂಗು," ಎಂದು ದಿನವೂ ಅರ್ಧ ಕೊಡತೊಡಗಿದ. ಅವಳಿಗೆ ಸೊಗಸಾಗಿ ನಿದ್ದೆ ಬಂತು. ಹಗಲೂ ಬಂತು. ಕಾಗದ ಕತ್ತರಿಸುವ ಯಂತ್ರದ ಮುಂದೆ ಒಮ್ಮೆ ತೂಕಡಿಸಿದಾಗ ಅವಳ ಬೆರಳು ಕೂದಲೆಳೆಯಲ್ಲಿ ಉಳಿಯಿತು. ಗಂಡ ಗಾಬರಿಯಾದಾನೆಂದು ಅದನ್ನವಳು ಬಾಯಿಬಿಡಲಿಲ್ಲ. ಜೋಡಿ ಎಂದರೆ ಜೋಡಿ.

ಎರಡು ವಾರ ಕಳೆದಿರಬೇಕು. ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದವನು ದಬಕ್ಕನೆ ನೆಲಕ್ಕೆ ಬಿದ್ದು ಒದ್ದಾಡತೊಡಗಿದ. ಅವಳು ಗಡಗಡ ನಡುಗುತ್ತಲೇ ಅಂಟಿನ ಡಬ್ಬಿ ಆಚೆ ತಳ್ಳಿ, ತಲೆಯಡಿ ಬಟ್ಟೆ ಇಟ್ಟು, ಬಾಯಿಗೆ ಏನೂ ತುರುಕದೆ, ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಒದ್ದಾಟ ನಿಂತು ಅವನಿಗೆ ಎಚ್ಚರವಾಗುವವರೆಗೂ ಪಕ್ಕದಲ್ಲೇ ಕೂತಳು.

"ಮಾತ್ರೆ ತಪ್ಪಿಸಿದ್ರಾ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು.

"ಇಲ್ಲ. ಅರ್ಧ ಇವಳಿಗೆ ಕೊಡ್ತಿದ್ದೆ. ನಿದ್ದೆ ಬರ್ಲಿ ಅಂತ."

ಹೆಂಡತಿ ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಯಂತ್ರದ ಸಂಗತಿ ಹೇಳಿದಳು. ಈಗ ಬಿಳಿಚಿಕೊಳ್ಳುವ ಸರದಿ ಅವನದು.

"ಊಟ ಹಂಚ್ಕೊಳ್ಳಿ, ಮಾತ್ರೆ ಬೇಡ," ಎಂದರು ಡಾಕ್ಟರಮ್ಮ. "ಇದನ್ನ ಇದ್ದಕ್ಕಿದ್ದಂತೆ ಕಮ್ಮಿ ಮಾಡಿದ್ರೆ ಫಿಟ್ಸ್ ವಾಪಸ್ ಬರುತ್ತೆ. ನಾನು ಬರೆದುಕೊಟ್ಟಷ್ಟನ್ನೂ ನೀವು ಪೂರ್ತಿ ತಗೋಬೇಕು. ಅಮ್ಮಾ, ನೀವು ಇಷ್ಟು ದಿನ ನುಂಗಿದ್ದನ್ನ ಹೇಗೆ ಬಿಡ್ಬೇಕು ಅಂತ ನಾನೇ ಹೇಳ್ತೀನಿ. ಅಲ್ಲೀವರೆಗೂ ಯಂತ್ರ ಮುಟ್ಟಬೇಡಿ. ನಿಮ್ಮ ಹೆದರಿಕೆಗೆ ಬೇರೆ ಚಿಕಿತ್ಸೆ ಇದೆ. ಮನಸ್ಸು ಬಿಚ್ಚಿ ಮಾತಾಡೋದೂ ಅದರಲ್ಲಿ ಒಂದು."

ಮನೆ ತಲುಪುವಷ್ಟರಲ್ಲಿ ಅವಳ ಕೋಪ ನೆತ್ತಿಗೇರಿತ್ತು. ಅವನು ಎಲ್ಲಿ ಕೈತಪ್ಪಿ ಹೋಗಿಬಿಡುತ್ತಿದ್ದನೋ ಎಂದು ನೆನೆದರೆ ಅಳು ಉಕ್ಕಿ ಬರುತ್ತಿತ್ತು.

"ಬೀಳೋಕೆ ಮುಂಚೆ ಎರಡು ದಿನದಿಂದ ಕೈ ಅದುರ್ತಿತ್ತು ಕಣೇ," ಎಂದ ಅವನು ಮೆಲ್ಲಗೆ. "ಹೇಳಿದ್ರೆ ನೀನು ಹೆದರ್ತೀಯ ಅಂತ ಸುಮ್ಮನಿದ್ದೆ."

ಅವಳು ಅವನ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೆದರ್ತೀನಿ ರೀ. ಹೆದರಿದ್ರೆ ಏನೀಗ? ಹೆದರ್ಕೊಂಡೇ ನಿಮ್ಮನ್ನ ನೋಡ್ಕೋತೀನಿ. ನೀವು ಹೇಳಿ, ಅಷ್ಟೇ."